ಜಾಹಿದಾ ಕಾದ ಮೂರು ದಿನ

ಜಾಹಿದಾ ಯಲಹಂಕದ ಕಡೆಯ ಒಂದು ಪಶು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿ ಹದಿನಾರು ವರ್ಷ. ಚಳಿಗಾಲಕ್ಕೆ ವಲಸೆ ಹಕ್ಕಿಗಳು ಬಂದಿಳಿದರೆ ಜಕ್ಕೂರು ಕೆರೆಯ ದಂಡೆಯಲ್ಲಿ ಅವುಗಳ ಹಿಕ್ಕೆ ಸಂಗ್ರಹಿಸಿ ಹಕ್ಕಿಜ್ವರದ ಪರೀಕ್ಷೆಗೆ ಕಳಿಸುತ್ತಿದ್ದಳು. ಪ್ರತಿ ವರ್ಷವೂ ಏನೂ ಇಲ್ಲವೆಂಬ ವರದಿಯೇ ಬರುತ್ತಿತ್ತು.

ಕಳೆದ ಜನವರಿಯ ಒಂದು ಬೆಳಿಗ್ಗೆ ಕೆರೆಯಲ್ಲಿ ಐದು ನೀರುಕೋಳಿಗಳು ಸತ್ತು ತೇಲುತ್ತಿದ್ದವು. ಕೈಗವಸು, ಮುಖಗವಸು ತೊಟ್ಟು ಅವನ್ನು ಐಸ್ ಪೆಟ್ಟಿಗೆಗೆ ತುಂಬಿದ ಜಾಹಿದಾ ನೇರವಾಗಿ ಏರಿಯ ಹಿಂದಿನ ಹಳೇ ಊರಿಗೆ ನಡೆದಳು. ಅಲ್ಲಿ ಗೌರಮ್ಮನೆಂಬ ಮುದುಕಿಯ ಮೂವತ್ತು ನಾಟಿ ಕೋಳಿಗಳಿದ್ದವು. ಅವು ಮೇಯುತ್ತಿದ್ದದ್ದು ಕೆರೆಯಂಚಿನಲ್ಲೇ.

ಗೌರಮ್ಮ ಗೇಟು ತೆರೆಯಲಿಲ್ಲ. “ನಮ್ ಕೋಳಿ ಎಲ್ಲಾ ಚೆನ್ನಾಗವೆ. ನೀನು ಓಗವ್ವ.”

ಅವಳ ಬೆನ್ನ ಹಿಂದೆ ಒಂದು ಹೇಂಟೆ ಕತ್ತು ತಿರುಚಿಕೊಂಡು ನಿಂತಲ್ಲೇ ಸುತ್ತುತ್ತಿತ್ತು.

“ಎಷ್ಟು ಸತ್ತಿವೆ ಅಜ್ಜಿ?”

“ಏಳ್ಬುಟ್ರೆ ಮಿಕ್ಕವನ್ನೂ ಗುಂಡಿಗೆ ಆಕ್ತೀರ. ಟೀವೀಲಿ ನೋಡಿವ್ನಿ.”

ಕೊಲ್ಲುವುದಿಲ್ಲ ಎಂದುಬಿಟ್ಟಿದ್ದರೆ ಗೇಟು ತೆರೆಯುತ್ತಿತ್ತು. ಆ ಸುಳ್ಳು ಜಾಹಿದಾಳ ನಾಲಿಗೆಯ ತುದಿಯವರೆಗೂ ಬಂದಿತ್ತು.

“ಹಕ್ಕಿಜ್ವರ ಆಗಿದ್ರೆ ಕೊಲ್ಲಲೇಬೇಕಾಗುತ್ತೆ,” ಎಂದಳು. “ಆದ್ರೆ ಅದು ಮನುಷ್ಯರಿಗೂ ಬರುತ್ತೆ ಅಜ್ಜಿ. ಕಾಯಿಲೆ ಕೋಳಿ ಯಾವ್ದಾದ್ರೂ ಕೊಯ್ದಿದ್ದೀರಾ?”

ಗೌರಮ್ಮ ಗೇಟಿನ ಹತ್ತಿರಕ್ಕೆ ಬಂದು ತಗ್ಗಿದ ದನಿಯಲ್ಲಿ ಹೇಳಿದಳು. ಹಿಂದಿನ ಸಂಜೆ ತೂಕಡಿಸುತ್ತಿದ್ದ ಕೋಳಿಯೊಂದನ್ನು ಕೊಯ್ದು, ಕೆಂಪಾಪುರದಲ್ಲಿರುವ ಬಸುರಿ ಮಗಳು ಶಾಂತಲಾಳಿಗೆ ಕಳಿಸಿದ್ದಳು.

ಜಾಹಿದಾ ನಂಬರು ಕೇಳಿಕೊಂಡು ಅಲ್ಲೇ ನಿಂತು ಶಾಂತಲಾಳಿಗೆ ಫೋನ್ ಮಾಡಿದಳು. ಮೂರು ಸಲ ಸುಮ್ಮನೆ ರಿಂಗಾಯಿತು. ನಾಲ್ಕನೆಯ ಸಲ ಶಾಂತಲಾ ಎತ್ತಿದಳು. ಮಾಂಸ ಇನ್ನೂ ಫ್ರಿಜ್ಜಿನಲ್ಲಿತ್ತು.

“ಕವರ್ ಬಿಚ್ಚಬೇಡಮ್ಮ. ನಾನೇ ಬಂದು ತಗೊಂಡೋಗ್ತೀನಿ.”

ಗೌರಮ್ಮ ಚಿಲಕ ತೆಗೆದಳು. ಹಿತ್ತಲಿನಲ್ಲಿ ಕವುಚಿದ ಬಿದಿರ ಮಂಕರಿಯ ಕೆಳಗೆ ನಾಲ್ಕು ಸತ್ತ ಕೋಳಿಗಳಿದ್ದವು.

ಮಾದರಿಗಳೂ ಶಾಂತಲಾಳ ಮನೆಯಿಂದ ತಂದ ಮಾಂಸವೂ ಹೆಬ್ಬಾಳದ ಪ್ರಯೋಗಾಲಯಕ್ಕೆ, ಅಲ್ಲಿಂದ ಭೋಪಾಲದ ರಾಷ್ಟ್ರೀಯ ಪ್ರಯೋಗಾಲಯಕ್ಕೆ ಹೋದವು. ವರದಿ ಬರುವವರೆಗೆ ಮನೆಯವರಿಗೆ ಸೋಂಕು ತಗಲದಿರಲೆಂದು ಜಾಹಿದಾ ಬೇರೆ ಕೋಣೆ ಸೇರಿದಳು. ಅತ್ತೆ ನಜ್ಮುನ್ನೀಸಾ ತಟ್ಟೆಯನ್ನು ಬಾಗಿಲಲ್ಲಿಟ್ಟು ಹೋಗುತ್ತಿದ್ದರು. ದಿನಕ್ಕೆರಡು ಸಲ ಜಾಹಿದಾ ಗೌರಮ್ಮನಿಗೆ ಫೋನ್ ಮಾಡಿ ಜ್ವರ ಇದೆಯೇ ಎಂದು ಕೇಳುತ್ತಿದ್ದಳು. ಗೌರಮ್ಮ ಮಾತ್ರ ಕೋಳಿಗಳ ವಿಷಯವನ್ನೇ ಹೇಳುತ್ತಿದ್ದಳು. ಇವತ್ತು ಆರು ಹೋದವು. ಇವತ್ತು ಐದು. ಎರಡನೆಯ ದಿನ ಸಂಜೆ ಮಾತಿನ ನಡುವೆ ಕೆಮ್ಮಿದಳು. ಆರೋಗ್ಯ ಕೇಂದ್ರದವರು ಬಂದು ಅವಳ ಗಂಟಲಿನ ದ್ರವವನ್ನೂ ಪರೀಕ್ಷೆಗೆ ಒಯ್ದರು. ಅಂದು ಜಾಹಿದಾಳಿಗೆ ಊಟ ಸೇರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ವರದಿ ಬಂತು. ಹಕ್ಕಿಜ್ವರವಲ್ಲ. ಕೋಳಿಗಳನ್ನು ಕೊಂದದ್ದು ರಾಣಿಖೇತ್ ಎಂದೂ ಕರೆಯುವ ಕೊಕ್ಕರೆ ರೋಗ. ಅದೂ ವೈರಸ್ಸೇ, ಆದರೆ ಅದಕ್ಕೆ ಲಸಿಕೆಯಿದೆ, ಮನುಷ್ಯರ ಜೀವಕ್ಕೆ ಕುತ್ತು ತರುವಂಥದ್ದೂ ಅಲ್ಲ. ಗೌರಮ್ಮನದು ಬರೀ ನೆಗಡಿ. ನೀರುಕೋಳಿಗಳು ಯಾಕೆ ಸತ್ತವೆಂಬುದು ಕೊನೆಗೂ ತಿಳಿಯಲಿಲ್ಲ.

ಜಾಹಿದಾ ಹೋಗಿ ವಿಷಯ ತಿಳಿಸಿದಾಗ ಗೂಡಿನಲ್ಲಿ ಒಂಬತ್ತು ಕೋಳಿಗಳು ಉಳಿದಿದ್ದವು.

“ನಾನ್ ಮೊದ್ಲೇ ಏಳ್ಬುಟ್ಟಿದ್ರೆ ಉಳೀತಿದ್ವಾ?” ಗೌರಮ್ಮ ಕೇಳಿದಳು.

“ಒಂದಷ್ಟು ಉಳೀತಿದ್ವು ಅಜ್ಜಿ.”



ಮರುದಿನ ಜಾಹಿದಾ ಲಸಿಕೆ ತಂದಾಗ ಬೀದಿಯ ಆರು ಮನೆಗಳವರು ಕೋಳಿಗಳನ್ನು ಮಂಕರಿಯಡಿ ಕವುಚಿಟ್ಟುಕೊಂಡು ಕಾಯುತ್ತಿದ್ದರು. ಬೆಳಿಗ್ಗೆಯೇ ಗೌರಮ್ಮ ಮನೆಮನೆಗೆ ಹೋಗಿ ಹೇಳಿ ಬಂದಿದ್ದಳು.