ಮೋಡದ ಮೇಲೆ ಬಿಚ್ಚಿದ ಬುತ್ತಿ

ಔರಾದಿನ ಸುಂದರಬಾಯಿಯವರಿಗೆ ಹಾದಿಯಲ್ಲಿ ಒಂದು ನೇಮ. ಹೊರಗಿನವರು ಒಬ್ಬರಾದರೂ ಬುತ್ತಿಯಿಂದ ತಿನ್ನಬೇಕು. ಆಮೇಲೆಯೇ ಅವರ ತುತ್ತು. ಅತ್ತೆಯಿಂದ ಬಂದ ರೂಢಿ. ಭಾಲ್ಕಿಯಲ್ಲಿ ಬೆಂಗಳೂರಿನ ರೈಲು ಹತ್ತಿದರೆ, ಬೀದರ ಬರುವುದರೊಳಗೆ ಎದುರಿನವರ ಮಕ್ಕಳು, ಮೊಣಕಾಲು ನೋವು ಎಲ್ಲ ಕೇಳಿ, ರೊಟ್ಟಿ ಹಂಚಿರುತ್ತಿದ್ದರು. ರಾತ್ರಿಯಿಡೀ ಹಾದಿ ಉಳಿದಿರುತ್ತಿತ್ತು.

ಈ ರಂಜಾನ್ ತಿಂಗಳಲ್ಲಿ ಬೆಂಗಳೂರಿನ ತಂಗಿ ಹೊಸ ಮನೆಯ ಗುರುಪ್ರವೇಶಕ್ಕೆಂದು ವಿಮಾನದ ಟಿಕೆಟ್ ಕಳಿಸಿದಳು. ಬೀದರದಿಂದ ಆಕಾಶದ ಹಾದಿ ಐನೂರು ಕಿಲೋಮೀಟರಿಗೆ ತುಸು ಹೆಚ್ಚು, ತಾಸಿನ ಮೇಲೆ ಸ್ವಲ್ಪ ಹೊತ್ತು ಎಂದು ಗಂಡ ಹಾವಗೆಪ್ಪ ಹೇಳಿದಾಗಲೇ ಸುಂದರಬಾಯಿಗೆ ಚಿಂತೆ ಹತ್ತಿತು.

“ಇಷ್ಟರಾಗ ಮಂದಿ ಗುರ್ತಾಗೂದು ಯಾವಾಗ, ಬುತ್ತಿ ಬಿಚ್ಚೂದು ಯಾವಾಗರಿ?”

“ಬುತ್ತಿನೇ ಬ್ಯಾಡ. ಕೂಡೂದ್ರಾಗ ಇಳೀತೇವಿ.”

ಆದರೂ ಸುಂದರಬಾಯಿ ಬುತ್ತಿ ಕಟ್ಟಿದರು. ಹೊರಡುವ ಗಡಿಬಿಡಿಯಲ್ಲಿ, ಲಿಂಗಪೂಜೆ ಮುಗಿಸಿ ಕುಡಿದ ಚಹಾ ಬಿಟ್ಟರೆ ಸಂಜೆಯ ವಿಮಾನದವರೆಗೆ ಹೊಟ್ಟೆ ಖಾಲಿ.

ಕಿಟಕಿಯ ಬಳಿ ಬೀದರದ ನಾಹೀದ ಕುಳಿತಿದ್ದಳು. ವಿಮಾನ ಮೇಲೇರಿದ್ದೇ ಸುಂದರಬಾಯಿ ಶೇಂಗಾ ಹೋಳಿಗೆಯ ಡಬ್ಬಿ ಮುಂದೆ ಹಿಡಿದರು.

“ರೋಜಾ ಉಪಾಸ ಅದ ಅಕ್ಕ. ಇಳಿದ ಮ್ಯಾಲೆ ಭಾವನ ಮನ್ಯಾಗ ಬಿಡ್ತೇನಿ.”

“ಹೌದಾ ತಂಗಿ? ಗೊತ್ತಾಗ್ಲಿಲ್ಲ ನೋಡು.” ಹಸಿದವಳಿಗೆ ವಾಸನೆ ಹೋಗದಿರಲೆಂದು ಮುಚ್ಚಳ ಬಿಗಿದು, ಸೆರಗನ್ನೂ ಹೊದಿಸಿದರು.

ಆಚೆ ಸಾಲಿನಲ್ಲಿದ್ದವರೆಲ್ಲ ನಿದ್ದೆ ಹೋಗಿದ್ದರು. ಹಾವಗೆಪ್ಪ ಮಾತ್ರ ಕೈ ಚಾಚಿದರು. “ನನಗ ಕೊಡು, ನಿನ್ನ ನೇಮ ಮುಗೀಲಿ.”

“ನೀವು ಮನ್ಯಾವ್ರು. ಲೆಕ್ಕಕ್ಕ ಬರಂಗಿಲ್ಲ.”

“ಮೂವತ್ತು ವರ್ಷ ಆತು, ಯಾವ ಲೆಕ್ಕಕ್ಕರ ಬಂದೇನೇನು?”

ನಾಹೀದ ದುಪ್ಪಟ್ಟಾದಲ್ಲಿ ನಗು ಮುಚ್ಚಿಕೊಂಡಳು. ಹಾಗೆ ಮಾತು ಬೆಳೆಯಿತು. ಅವಳ ಮಗಳ ಪರೀಕ್ಷೆ, ಅತ್ತೆಯ ಸಕ್ಕರೆ ಕಾಯಿಲೆ, ಎಲ್ಲವನ್ನೂ ಸುಂದರಬಾಯಿ ಹೂಂಗುಟ್ಟುತ್ತ ಕೇಳಿದರು. ನಡುವೆ ಅವರ ಹೊಟ್ಟೆ ಗುರ್ ಎಂದಿತು.

ಬೆಂಗಳೂರು ಬಂತು. ಆದರೆ ಇಳಿಯಲು ಸರದಿ ಸಿಗದೆ ವಿಮಾನ ಮೇಲೆಯೇ ಸುತ್ತತೊಡಗಿತು. ನಾಹೀದ ಕೈಗಡಿಯಾರ ನೋಡಿದಳು.

“ಕೆಳಗ ರೋಜಾ ಬಿಡೂ ವ್ಯಾಳ್ಯಾ ಆಗ್ಯದ ಅಕ್ಕ. ಆದ್ರ ನಾವು ಮ್ಯಾಲಿದ್ದೇವಲ್ಲ, ನಮಗ ಕಾಣೂ ಸೂರ್ಯ ಮುಳುಗಬೇಕು. ಖಜೂರ ನೋಡಿದ್ರ ದೊಡ್ಡ ಬ್ಯಾಗಿನಾಗ ಹೋಗ್ಯಾವ.”

ಇಬ್ಬರೂ ಕಿಟಕಿಗೆ ಮುಖ ಹಚ್ಚಿದರು. ಮೋಡದ ಅಂಚಿನಲ್ಲಿ ಸೂರ್ಯ ಕೆಂಪಗೆ ನಿಂತಿದ್ದ. ವಿಮಾನ ಹೊರಳಿದಾಗ ಮರೆಯಾದ. ಮತ್ತೆ ಹೊರಳಿದಾಗ ಅಲ್ಲಿಯೇ ಇದ್ದ. ಮುಂದಿನ ಸುತ್ತಿಗೆ ಇರಲಿಲ್ಲ.

ಸುಂದರಬಾಯಿ ಸೆರಗು ಸರಿಸಿ ಮುಚ್ಚಳ ತೆಗೆದರು. ನಾಹೀದ ಕಣ್ಣು ಮುಚ್ಚಿ ದುವಾ ಹೇಳಿ, ಗುಟುಕು ನೀರು ಕುಡಿದು, ಹೋಳಿಗೆ ಮುರಿದಳು. ಒಂದು ತುತ್ತು ನುಂಗಿ, ಉಳಿದ ಅರ್ಧವನ್ನು ಸುಂದರಬಾಯಿಯ ಕೈಗಿಟ್ಟಳು.

“ನಿಮ್ದೂ ರೋಜಾನೇ ಆಗ್ಯದ. ಬಿಡ್ರಿ ಅಕ್ಕ.”

ಸುಂದರಬಾಯಿ ಅದನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು. ಆಚೆಯಿಂದ ಹಾವಗೆಪ್ಪನ ಕೈ ಮತ್ತೆ ಬಂತು. ಈ ಸಲ ಅದರಲ್ಲಿ ಎರಡು ಹೋಳಿಗೆ ಬಿದ್ದವು.

ಅಷ್ಟರಲ್ಲಿ ಬೆಲ್ಟ್ ಕಟ್ಟಿಕೊಳ್ಳಿ, ಇಳಿಯುತ್ತಿದ್ದೇವೆ ಎಂಬ ಮಾತು ಕೇಳಿಸಿತು. ಸುಂದರಬಾಯಿ ಕೆಳಗಿನ ಚೀಲದತ್ತ ನೋಡಿದರು.

“ಇನ್ನೊಂದು ಸುತ್ತು ಹೊಡೆದಿದ್ರ ರೊಟ್ಟಿ, ಪುಂಡಿಪಲ್ಯಾನೂ ಬಿಚ್ಚತಿದ್ದೆ, ತಂಗಿ.”