ಸತ್ತವರ ಹೆಸರಿನ ಪೆಟ್ಟಿಗೆಗಳು

ಹೊರನಾಡಿನಿಂದ ಬಂದು ಊರಿನ ಕೆಂಪು ಅಳಿಲುಗಳ ನೆಲೆ ಕಸಿದ ಬೂದು ಅಳಿಲುಗಳ ಪಾಲಿಗೆ ಎಡ್ನಾ ಬರ್ಕೆಟ್ ಯಮ. ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಆಲೂಗಡ್ಡೆ ಬಡಿಸಿ ಬಡಿಸಿ ಗಟ್ಟಿಯಾದ ಕೈ ಅವಳದು. ನಿವೃತ್ತಿಯಾದ ಮೇಲೆ ಅದೇ ಕೈಗೆ ಬೋನು, ಗೋಣಿಚೀಲ, ದೊಣ್ಣೆ ಬಂದವು. ಬೆಳಗಾದರೆ ಕಾಡಿಗೆ ಹೋಗಿ ಬೋನು ನೋಡುತ್ತಿದ್ದಳು. ಒಳಗೆ ಕೆಂಪು ಅಳಿಲಿದ್ದರೆ ಬಾಗಿಲು ತೆಗೆದು ಬಿಡುವುದು, ಬೂದು ಇದ್ದರೆ ಗೋಣಿಗೆ ನುಗ್ಗಿಸಿ ತಲೆಗೊಂದು ಏಟು. ಒಂದೇ. ಎರಡನೆಯ ಏಟು ಬೇಕಾದರೆ ಅದು ಹಿಂಸೆ ಎನ್ನುತ್ತಿದ್ದಳು.

ಹರೆಯದಲ್ಲಿ ಇದೇ ಎಡ್ನಾ ನರಿಬೇಟೆ ತಡೆಯಲು ಬೇಟೆನಾಯಿಗಳಿಗೆ ಅಡ್ಡ ಮಲಗಿ, ಪೊಲೀಸರಿಂದ ದರದರ ಎಳೆಸಿಕೊಂಡವಳು. ಅಂದಿನ ಸಂಗಾತಿಗಳು ಈಗ ಅವಳನ್ನು ಕಂಡರೆ ಮುಖ ತಿರುಗಿಸುತ್ತಾರೆ. "ಎಳೇ ಬೀಚ್ ಮರದ ತೊಗಟೆ ಸುತ್ತಲೂ ಸುಲಿದು ಸಾಯಿಸ್ತಾವಲ್ಲ ಈ ಬೂದು ಮುಂಡೇವು, ಅದಕ್ಕೂ ಬಂದು ಅಡ್ಡ ಮಲಗ್ರೋ!" ಎಂದು ಪಬ್ಬಿನ ತುಂಬ ಕೇಳುವಂತೆ ಒಮ್ಮೆ ಕೂಗಿದ್ದಳು. ಯಾರೂ ಏಳಲಿಲ್ಲ.

ಗಂಡ ಜಾಸ್ ಸತ್ತಾಗ, "ಹೂ ತರಬೇಡಿ, ಬಾಡಿ ಹೋಗ್ತದೆ. ಬೀಜ ತನ್ನಿ" ಅಂದಳು. ಅವನ ಗೋರಿಯ ಪಕ್ಕದ ಯೂ ಮರಕ್ಕೆ, ಕೆಂಪು ಅಳಿಲುಗಳಿಗೆಂದು ಮುಚ್ಚಳದ ಮರದ ಪೆಟ್ಟಿಗೆ ಹೊಡೆದು, ಹಿತ್ತಾಳೆ ತಗಡಿನಲ್ಲಿ ಅವನ ಹೆಸರು ಕೆತ್ತಿಸಿದಳು. ಊರಿಗೆ ಅದು ಹಿಡಿಸಿತು. ಆಮೇಲೆ ಸತ್ತವರಿಗೆಲ್ಲ ಗೋರಿಯ ಬಳಿ ಒಂದೊಂದು ಪೆಟ್ಟಿಗೆ ಬಂತು. ಭಾನುವಾರ ಪ್ರಾರ್ಥನೆ ಮುಗಿದರೆ ಜನ ಜೇಬಿನಿಂದ ಹೇಜಲ್ ಬೀಜ ತೆಗೆದು ತಮ್ಮ ತಮ್ಮವರ ಪೆಟ್ಟಿಗೆಗೆ ಸುರಿದು ಮನೆಗೆ ಹೋಗುವುದು ರೂಢಿಯಾಯಿತು.

ಈ ವಸಂತಕ್ಕೆ ಪಕ್ಕದ ಕಣಿವೆಯಲ್ಲಿ ಅಳಿಲು ಸಿಡುಬು ಕಾಣಿಸಿಕೊಂಡಿತು. ಬೂದು ಅಳಿಲು ಅದನ್ನು ಹೊತ್ತು ತಿರುಗುತ್ತದೆ, ಅದಕ್ಕೇನೂ ಆಗುವುದಿಲ್ಲ. ಅದು ಬಾಯಿಟ್ಟ ಕಡೆ ಕೆಂಪು ಬಾಯಿಟ್ಟರೆ ಕಣ್ಣು ಮುಚ್ಚಿ, ಬಾಯಿ ಹುಣ್ಣಾಗಿ, ಹಸಿದೇ ಸಾಯುತ್ತದೆ. ನಮ್ಮ ಕಣಿವೆಯಲ್ಲಿ ಕೆಂಪು ಉಳಿದಿದ್ದುದೇ ಚರ್ಚಿನ ಹಿಂದಿನ ಆ ಒಂದು ಕಾಡಿನಲ್ಲಿ. ಎರಡೂ ಒಂದೇ ಕಡೆ ತಿನ್ನದಿರಲೆಂದು ಎಡ್ನಾ ಮನೆಮನೆ ತಿರುಗಿ, ಹಿತ್ತಲುಗಳಲ್ಲಿ ಜನ ಅಳಿಲುಗಳಿಗೆಂದು ಇಟ್ಟಿದ್ದ ಬೀಜದ ಪೆಟ್ಟಿಗೆಗಳನ್ನೆಲ್ಲ ಕೀಳಿಸಿದಳು. ಪಾದ್ರಿಯ ಮನೆಯದನ್ನು ಕೇಳದೆಯೇ ಕಿತ್ತಳು.

ಆದರೂ ಕೆಂಪು ಅಳಿಲುಗಳು ಸಾಯುತ್ತಲೇ ಇದ್ದವು.

ಯಾರೋ ಕದ್ದುಮುಚ್ಚಿ ತಿನ್ನಿಸುತ್ತಿದ್ದಾರೆ ಎಂದು ಅವಳಿಗೆ ಖಾತ್ರಿಯಾಯಿತು. ಅನುಮಾನ ಬಿದ್ದದ್ದು ಪಕ್ಕದ ಮನೆಯ ಮುದುಕ ವಿಲ್ಫ್ ಫಿಯರನ್ ಮೇಲೆ. ನೇರ ಹೋಗಿ ಅವನ ಬಾಗಿಲು ಗುದ್ದಿದಳು.

"ಎಲ್ಲಿಟ್ಟಿದ್ದೀಯೋ ಪೆಟ್ಟಿಗೆ?"

"ಬಾ ಹುಡುಗಿ, ಒಳಗೆ ಬಂದು ಜಾಲಾಡು. ಹಾಸಿಗೆ ಕೆಳಗೂ ನೋಡು, ನನ್ನ ಹಳೇ ಚಡ್ಡಿ ಸಿಗ್ತದೆ." ಎಪ್ಪತ್ತು ದಾಟಿದ ಎಡ್ನಾ ವಿಲ್ಫ್‌ಗೆ ಇನ್ನೂ ಹುಡುಗಿಯೇ.

"ತಮಾಷೆ ಬೇಡ. ಬೀಜದ ಚೀಲ ಕೊಂಡಿದ್ದೀಯಂತೆ, ಅಂಗಡಿಯವಳು ಹೇಳಿದ್ಲು."

"ಅದು ಐವಿಗೆ ಕಣೇ," ಎಂದ. ಐವಿ ತೀರಿಕೊಂಡ ಅವನ ಹೆಂಡತಿ. "ಭಾನುವಾರ ಒಂದು ಹಿಡಿ ಹಾಕಿ ಬರ್ತೀನಲ್ಲ. ನೀನೂ ಜಾಸ್‌ಗೆ ಹಾಕ್ಲಿಲ್ವಾ ಮೊನ್ನೆ? ನನ್ನ ಪಕ್ಕದಲ್ಲೇ ನಿಂತಿದ್ದೆ."

ಎಡ್ನಾ ಹಾಕಿದ್ದಳು. ಎರಡು ಹಿಡಿ. ಊರಿನ ಹಿತ್ತಲೆಲ್ಲ ಜಾಲಾಡಿದವಳಿಗೆ ಗೋರಿಗಳ ನಡುವಿನವೂ ಪೆಟ್ಟಿಗೆಗಳೇ ಎಂದು ಹೊಳೆದಿರಲಿಲ್ಲ. ಯಾರಿಗೂ ಹೊಳೆದಿರಲಿಲ್ಲ. ಅವರ ಪಾಲಿಗೆ ಅದು ಜಾಸ್, ಇದು ಐವಿ.

ಅವಳು ಕೋಟು ಕೂಡ ಹಾಕಿಕೊಳ್ಳದೆ ಚರ್ಚಿನ ಕಡೆ ಓಡಿದಳು. ವಿಲ್ಫ್ ಕೋಲೂರುತ್ತಾ ಹಿಂದೆ ಬಂದ. ಜಾಸ್‌ನ ಪೆಟ್ಟಿಗೆಯ ಮೇಲೆ ದಪ್ಪನೆಯ ಬೂದು ಅಳಿಲೊಂದು ತಲೆಯಿಂದಲೇ ಮುಚ್ಚಳ ಎತ್ತಿ ಆರಾಮಾಗಿ ಮೆಲ್ಲುತ್ತಿತ್ತು. ಇವರನ್ನು ಕಂಡು ಗೋಡೆ ಹಾರಿತು. ಅದು ಹೋದದ್ದೇ ತಡ, ಕಾಂಡದ ಹಿಂದಿನಿಂದ ಕೆಂಪು ಅಳಿಲೊಂದು ತಡವರಿಸುತ್ತ ಬಂತು. ಕಣ್ಣುಗಳು ಕೀವು ಕಟ್ಟಿ ಮುಚ್ಚಿದ್ದವು. ಹುಣ್ಣಾದ ಮೂತಿಯನ್ನು, ಬೂದು ಬಾಯಿಟ್ಟಿದ್ದ ಪೆಟ್ಟಿಗೆಯ ಅದೇ ಅಂಚಿಗೆ ಒತ್ತಿತು.

"ಅಯ್ಯೋ ದೇವರೇ," ಎಂದ ವಿಲ್ಫ್. "ನಾವೇ ಏನೇ?"

"ನಾನೇ," ಎಂದಳು ಎಡ್ನಾ. "ಈ ರೂಢಿ ಹಾಕಿದವಳು ನಾನಲ್ವಾ?"

ಅಳಿಲು ಓಡಲಿಲ್ಲ. ಓಡುವ ಶಕ್ತಿ ಇರಲಿಲ್ಲ. ಅವಳು ಸ್ವೆಟರ್ ಬಿಚ್ಚಿ ಅದರ ಮೇಲೆ ಹಾಕಿ ಹಿಡಿದಳು. ಇಷ್ಟು ವರ್ಷದಲ್ಲಿ ಎಡ್ನಾ ಒಂದು ಕೆಂಪು ಅಳಿಲನ್ನೂ ಕೊಂದವಳಲ್ಲ. ವಿಲ್ಫ್ ತನ್ನ ಕೋಲು ಎತ್ತಿಕೊಂಡು ಮುಂದೆ ಬಂದ.

"ನಾನು ಮಾಡ್ಲಾ?"

"ಬೇಡ. ನೀನು ಎರಡು ಏಟು ಹಾಕ್ತೀಯ. ಆ ಕೋಲು ಕೊಡು."

ಒಂದೇ ಏಟು. ಆಮೇಲೆ ಜಾಸ್‌ನ ಪೆಟ್ಟಿಗೆಯನ್ನು ಮೊಳೆಸಮೇತ ಕಿತ್ತು ನೆಲಕ್ಕೆ ಎಸೆದಳು. ಪಕ್ಕದ್ದಕ್ಕೆ ಕೈ ಹಾಕಿದಾಗ ವಿಲ್ಫ್, "ಐವೀದು ಬಿಡೇ," ಎಂದು ಗೊಣಗಿದ. ಅವಳು ನೆಲದ ಮೇಲಿನ ಸ್ವೆಟರ್ ಕಡೆ ನೋಡಿದಳು. ಅವನೂ ನೋಡಿದ. ನೋಡಿ, ತಾನೇ ಮುಂದೆ ಬಂದು ಹೆಂಡತಿಯ ಪೆಟ್ಟಿಗೆಯ ತಗಡು ಬಿಚ್ಚಿ ಜೇಬಿಗೆ ಹಾಕಿಕೊಂಡ, ಪೆಟ್ಟಿಗೆ ಕಿತ್ತ. ಎಲ್ಲವನ್ನೂ ಗೋಡೆಯ ಹೊರಗೆ ರಾಶಿ ಹಾಕಿ ಸುಟ್ಟರು.

ವಸಂತ ಮುಗಿಯುವಷ್ಟರಲ್ಲಿ ಇನ್ನೂ ಕೆಲವು ಸತ್ತವು. ಆಮೇಲೆ ಸಾವು ನಿಂತಿತು. ಕಾಡಿನಲ್ಲಿ ಉಳಿದವು ಬಹಳ ಕಡಿಮೆ, ಆದರೆ ಉಳಿದವು.

ಪೆಟ್ಟಿಗೆಗಳನ್ನು ಸುಟ್ಟ ಮರುಭಾನುವಾರ ಚರ್ಚಿನ ಗೇಟಿನಲ್ಲಿ ಎಡ್ನಾ ಗೋಣಿಚೀಲದ ಬಾಯಿ ಬಿಡಿಸಿಕೊಂಡು ನಿಂತಿದ್ದಳು. ಮೊದಲು ತನ್ನ ಜೇಬು ಹೊರಳಿಸಿ ಬೀಜ ಸುರಿದಳು. ಆಮೇಲೆ ಬಂದವರಿಗೆಲ್ಲ, "ಇಲ್ಲಿ ಹಾಕು," ಅಂದಳು. "ಒಂದೂ ಒಳಗೆ ಹೋಗಬಾರದು."