ತಂತಿಗೆ ಕೆನ್ನೆ ಇಟ್ಟವನು

ನನ್ನ ಅಕ್ಷರ ಕೋಳಿ ಕೆದರಿದ ಹಾಗಿರುತ್ತದೆ, ಮಾತು ಜೋಡಿಸಲೂ ಸರಿಯಾಗಿ ಬರುವುದಿಲ್ಲ. ಶಾಲೆಯನ್ನು ಅರ್ಧಕ್ಕೆ ಬಿಟ್ಟವಳು, ಓದುವವರು ಮನ್ನಿಸಬೇಕು. ಎವರ್ಟ್ ಲಿಡ್‌ಗ್ರೆನ್‌ನ ವಿಷಯವನ್ನು ಊರಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಿದ್ದಾರೆ. ಅವನೂ ಅವನ ಹೆಂಡತಿ ಗುನ್ವೋರ್‌ಳೂ ನನಗೆ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯಲು ನೋಡಿದ್ದೇನೆ. ಇದರಲ್ಲಿ ಬರುವ ಮೈ-ಲಿಸ್ ನನ್ನ ಅಮ್ಮ. ಅವಳನ್ನೂ ಬೇರೆಯವರ ಹಾಗೆ ಹೆಸರಿನಿಂದಲೇ ಕರೆದಿದ್ದೇನೆ, ಇಲ್ಲದಿದ್ದರೆ ಬರೆಯುವ ಕೈ ಅವಳ ಕಡೆಗೇ ವಾಲುತ್ತದೆ.

ಸ್ವೀಡನ್ನಿನ ಈ ಉತ್ತರದ ಮೂಲೆಯಲ್ಲಿ, ನಮ್ಮ ಲೋಮ್‌ಟ್ರೆಸ್ಕ್‌ನವರು ಮರ ಕಡಿಯಲು ಹೋಗುತ್ತಾರೆ, ಇಲ್ಲವೆ ಕಲ್ಲು ಕೊರೆಯಲು ಹೋಗುತ್ತಾರೆ. ಎವರ್ಟ್ ಮೀಸೆ ಚಿಗುರುವ ಮೊದಲೇ ಕೊರೆಯಲು ಹೋದವನು. ನೆಲದಡಿಯಲ್ಲಿ ತಾಮ್ರವಿದೆಯೋ ಸತುವಿದೆಯೋ ತಿಳಿಯಬೇಕಾದರೆ ಬಂಡೆಯೊಳಗಿಂದ ಮಣಿಕಟ್ಟಿನಷ್ಟು ದಪ್ಪದ ಕಲ್ಲಿನ ದಿಂಡನ್ನು ತೆಗೆಯಬೇಕು. ಕೊಳವೆಗಳ ಸಾಲು ತಿರುಗುತ್ತಾ ಬಂಡೆಯೊಳಗೆ ಇಳಿಯುತ್ತದೆ. ಅದರ ತುದಿಯಲ್ಲಿ, ಒಳಗಡೆ, ಇನ್ನೊಂದು ತೆಳುವಾದ ಕೊಳವೆ ಇರುತ್ತದೆ. ದಿಂಡು ಅದರೊಳಗೆ ತುಂಬಿಕೊಳ್ಳುತ್ತದೆ. ತುಂಬಿದ ಮೇಲೆ ಇಡೀ ಸಾಲನ್ನು ಬಿಚ್ಚಿ ಎತ್ತುವ ಗೋಜಿಲ್ಲ. ಉಕ್ಕಿನ ತಂತಿಯ ತುದಿಗೆ ಇಕ್ಕಳದಂಥ ಕೊಕ್ಕೆಯೊಂದನ್ನು ಕಟ್ಟಿ ಒಳಗೆ ಬಿಡುತ್ತಾರೆ. ಅದು ಇಳಿದು ಒಳಕೊಳವೆಯ ತಲೆಯನ್ನು ಕಚ್ಚಿಕೊಳ್ಳುತ್ತದೆ. ತಂತಿಯನ್ನು ಎಳೆದರೆ ಒಳಕೊಳವೆ ಮಾತ್ರ ಮೇಲೆ ಬರುತ್ತದೆ.

ಕಚ್ಚಿಕೊಂಡಿತೋ ಇಲ್ಲವೋ ಎಂಬುದು ಕಣ್ಣಿಗೆ ಕಾಣುವಂಥದ್ದಲ್ಲ. ತಂತಿಯ ಮೇಲೆ ಅಂಗೈ ಇಟ್ಟು ತಿಳಿಯಬೇಕು. ಮೀನು ಗಾಳವನ್ನು ಮುಟ್ಟಿ ಬಿಟ್ಟ ಹಾಗೆ ಒಂದು ಸಣ್ಣ ಅದುರು ಬರುತ್ತದೆ, ಅಷ್ಟೆ. ಆ ಹೊತ್ತಿನಲ್ಲಿ ಇಂಜಿನ್ನನ್ನು ತಗ್ಗಿಸುತ್ತಾರೆ. ಯಾರೂ ಮಾತಾಡುವುದಿಲ್ಲ, ಕೆಮ್ಮು ಬಂದರೂ ನುಂಗಿಕೊಳ್ಳುತ್ತಾರೆ. ತಂತಿ ಹಿಡಿದವನು “ಕೂತಿತು” ಅನ್ನಬೇಕು. ಅವನು ಅಂದ ಮೇಲೆ ಇನ್ನೊಮ್ಮೆ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಕೇಳಿದರೆ ಅವನ ಕೈಯನ್ನು ಅನುಮಾನಿಸಿದ ಹಾಗೆ.

ಎವರ್ಟ್‌ನ ಕೈಯನ್ನು ಅನುಮಾನಿಸಿದವರು ಯಾರೂ ಇರಲಿಲ್ಲ. ಬೇರೆ ರಿಗ್ಗಿನವರ, ಅಂದರೆ ಬೇರೆ ಕೊರೆಯುವ ಯಂತ್ರದ ತಂಡದವರ, ಕೊಳವೆ ನೆಲದೊಳಗೆ ಮುರಿದು ಬಿದ್ದರೂ, ತಂತಿ ಹರಿದರೂ, ಅವರು ಅವನನ್ನೇ ಕರೆಸುತ್ತಿದ್ದರು. ಮನೆಯ ಹಿಂದಿನ ಕುಲುಮೆಯಲ್ಲಿ ಅವನೇ ಬಡಿದು ಮಾಡಿದ ಕೊಕ್ಕೆಗಳು ಗೋಡೆಯುದ್ದಕ್ಕೂ ತೂಗುತ್ತಿದ್ದವು, ಒಂದೊಂದೂ ಒಂದೊಂದು ಬಗೆಯ ಅವಘಡಕ್ಕೆ. ಒಮ್ಮೆ ಯಾರೋ ಒಂದು ಸ್ಪ್ಯಾನರನ್ನು ಕೊಳವೆಯ ಬಾಯಿಂದ ಒಳಗೆ ಬೀಳಿಸಿದ್ದರು. ಯಾರು ಎಂದು ಕೇಳಿದರೆ ಎಲ್ಲರೂ ಆಕಾಶ ನೋಡಿದರು. ಎವರ್ಟ್ ಅಯಸ್ಕಾಂತ ಬಿಟ್ಟು ಅದನ್ನು ಎತ್ತಿದ, ಹಿಡಿಯ ಮೇಲೆ ಕೊರೆದಿದ್ದ ಹೆಸರನ್ನು ನೋಡಿದ, ಮಾತಾಡದೆ ಜೇಬಿಗೆ ಇಳಿಸಿದ. ಆ ಕ್ರಿಸ್‌ಮಸ್ಸಿಗೆ ಮೇಸ್ತ್ರಿ ಟೂರೆ ಬ್ರೆನ್‌ಲುಂಡ್‌ಗೆ ಬಣ್ಣದ ಕಾಗದ ಸುತ್ತಿದ ಉಡುಗೊರೆಯೊಂದು ಬಂತು. ಬಿಚ್ಚಿದರೆ ಅವನದೇ ಸ್ಪ್ಯಾನರ್.

ಬೆರಳು ಬೆಳ್ಳಗಾಗುವುದು ಈ ಕೆಲಸದವರಿಗೆ ಹೊಸದಲ್ಲ. ಇಂಜಿನ್ನಿನ ಅದುರು ವರ್ಷಗಟ್ಟಲೆ ಕೈಗೆ ಏರಿ ಏರಿ, ಚಳಿಯಲ್ಲಿ ಬೆರಳ ತುದಿ ಮೇಣದ ಹಾಗೆ ಬಿಳುಚುತ್ತದೆ. ಉಜ್ಜಿದರೆ ಬಣ್ಣ ತಿರುಗುತ್ತದೆ. ಎವರ್ಟ್‌ನಿಗೆ ಮೊದಲು ಹಾಗೇ ಆಗುತ್ತಿತ್ತು. ಆಮೇಲೆ ಉಜ್ಜಿದರೂ ತಿರುಗದಾಯಿತು. ಒಂದು ಬೇಸಿಗೆಯಲ್ಲಿ ಕಾಫಿಯ ಕಪ್ಪು ಕೈಯಿಂದ ಜಾರಿ ನೆಲಕ್ಕೆ ಬಿದ್ದು ಒಡೆಯಿತು. ಅದು ಜಾರಿದ್ದು ಅವನಿಗೆ ತಿಳಿದದ್ದು ಸದ್ದು ಕೇಳಿದ ಮೇಲೆ. ಅವತ್ತಿನಿಂದ ಗುನ್ವೋರ್ ಅವನ ಅಂಗಿಯ ಗುಂಡಿ ಹಾಕತೊಡಗಿದಳು.

ಗುಂಡಿ ಹಾಕುತ್ತಾ ಒಂದು ಬೆಳಿಗ್ಗೆ ಅವಳು, “ಆಸ್ಪತ್ರೆಗೆ ತೋರಿಸು” ಎಂದಳು.

“ತೋರಿಸಿದ್ರೆ ಡಾಕ್ಟ್ರು ಬರೀತಾರೆ. ಬರೆದ್ರೆ ನನ್ನ ರಿಗ್ಗು ಹತ್ತೋಕೆ ಬಿಡಲ್ಲ.”

“ಬಿಡದಿದ್ರೆ ಮನೇಲಿರು.”

“ಮನೇಲಿದ್ದು ಏನ್ ಮಾಡ್ಲಿ? ಹೆಣಿಗೆ ಹಾಕ್ಲಾ?”

“ಹೆಣಿಗೆ ಹಾಕೋಕೂ ಬೆರಳು ಬೇಕು” ಎಂದು ಗುನ್ವೋರ್ ಕೊನೆಯ ಗುಂಡಿ ಹಾಕಿದಳು. ಆಮೇಲೆ ಆ ಮಾತು ತೆಗೆಯಲಿಲ್ಲ.

ಅಂಗೈ ಸತ್ತ ಮೇಲೆ ಎವರ್ಟ್ ತಂತಿಗೆ ಕೆನ್ನೆ ಇಡಲು ಕಲಿತ. ಗಡ್ಡಕ್ಕಿಂತ ಮೇಲೆ, ಕಣ್ಣಿನ ಕೆಳಗೆ ಮೂಳೆ ಉಬ್ಬಿರುವ ಕಡೆ ಒತ್ತಿದರೆ ಅದುರು ನೇರ ದವಡೆಗೆ ಬರುತ್ತಿತ್ತು. ಬೇಸಿಗೆಯಲ್ಲಿ ಅಡ್ಡಿಯಿಲ್ಲ. ಚಳಿಗಾಲದಲ್ಲಿ ತಂತಿಗೆ ಚರ್ಮ ಅಂಟಿಕೊಂಡು ಸಿಪ್ಪೆ ಏಳುತ್ತಿತ್ತು. ಮನೆಯಲ್ಲಿ ಕೇಳಿದಾಗ ಮರದ ಕೊಂಬೆ ಹೊಡೆಯಿತು ಅಂದ. ರಿಗ್ಗಿನಲ್ಲಿ ಹಾಗೆ ಹೇಳಲಾಗದು. ಅಲ್ಲಿ ಅವನ ಜೊತೆಗಾತಿ ಮೈ-ಲಿಸ್ ಎದುರಿಗೇ ನಿಂತಿರುತ್ತಿದ್ದಳು. ಅವಳು ಅವನ ಜೊತೆ ಬಹಳ ಕಾಲದಿಂದ ಕೆಲಸ ಮಾಡಿದವಳು. ಮೇಲೆ ಬಂದ ಒಳಕೊಳವೆಯನ್ನು ಹಿಡಿದು ಅಡ್ಡಣಿಗೆಯ ಮೇಲೆ ಮಲಗಿಸುವುದು ಅವಳ ಪಾಲಿನ ಕೆಲಸ. ಬರುವ ವಸಂತದಲ್ಲಿ ಅವಳಿಗೇ ಒಂದು ರಿಗ್ಗು ಕೊಡುವುದೆಂದು ಟೂರೆ ಮಾತು ಕೊಟ್ಟಿದ್ದ. ನಮ್ಮ ಊರಿನಲ್ಲಿ ಅಲ್ಲಿಯವರೆಗೆ ಯಾವ ಹೆಂಗಸಿಗೂ ರಿಗ್ಗು ಸಿಕ್ಕಿರಲಿಲ್ಲ.

ಎವರ್ಟ್ ತಂತಿಗೆ ಕೆನ್ನೆ ಇಟ್ಟಾಗಲೆಲ್ಲ ಅವಳು ರೇಗಿಸುತ್ತಿದ್ದಳು.

“ಏನಂತಾರೆ ಕೆಳಗಿನವರು?”

“ಕಾಫಿ ಕೇಳ್ತಿದ್ದಾರೆ.”

“ಸಕ್ಕರೆ ಬೇಕಂತಾ ಕೇಳು.”

ಹೀಗೆ ದಿನಾ ನಡೆಯುತ್ತಿತ್ತು. ಅವನಿಗೆ ವಯಸ್ಸಾಯಿತು, ಏನೋ ಹೊಸ ಚಾಳಿ ಹಿಡಿದಿದೆ ಎಂದುಕೊಂಡಳೇ ಹೊರತು ಅವಳಿಗೆ ಬೇರೇನೂ ತೋಚಲಿಲ್ಲ. ಅವನು ಕೂತಿತು ಅಂದಾಗಲೆಲ್ಲ ಅದು ಕೂತೇ ಇರುತ್ತಿತ್ತಲ್ಲ.

ಜನವರಿಯಲ್ಲಿ ಅವರು ಹೆಪ್ಪುಗಟ್ಟಿದ ಜೌಗಿನ ಮೇಲೆ ಕೊರೆಯುತ್ತಿದ್ದರು. ಚಳಿ ಎಷ್ಟಿತ್ತೆಂದರೆ ನೀರಿನ ಪೈಪು ಗಟ್ಟಿಯಾಗುವ ಭಯಕ್ಕೆ ಇಂಜಿನ್ನನ್ನು ತಗ್ಗಿಸುವಂತಿರಲಿಲ್ಲ. ರಿಗ್ಗಿನ ಮೇಲೆ ಹೊದಿಸಿದ್ದ ಗುಡಾರವೆಲ್ಲ ನಡುಗುತ್ತಿತ್ತು. ಹಿಂದಿನ ದಿನ ಸಿಪ್ಪೆ ಎದ್ದಿದ್ದ ಕೆನ್ನೆ ಊದಿ, ಅದರ ಮೇಲೆ ಮುಲಾಮಿನ ಪದರವಿತ್ತು. ಎವರ್ಟ್ ಕೊಕ್ಕೆಯನ್ನು ಇಳಿಬಿಟ್ಟು, ಕೂತಿತು ಅಂದು ಎಳೆದ. ಕೊಕ್ಕೆ ಬರಿದಾಗಿ ಬಂತು. ಮೈ-ಲಿಸ್ ಕೊಕ್ಕೆಯನ್ನು ನೋಡಿದಳು, ಅವನನ್ನು ನೋಡಿದಳು, ಅವತ್ತು ರೇಗಿಸಲಿಲ್ಲ. ಅವಳು ಸುಮ್ಮನಿದ್ದದ್ದು ಅವನಿಗೆ ಚುಚ್ಚಿತು.

ಮತ್ತೆ ಇಳಿಬಿಟ್ಟ. ಈ ಸಲ ಇನ್ನೊಂದು ಕೆನ್ನೆ ಇಟ್ಟ. ಏನೋ ಅದುರಿತು. ಅದು ಕೊಕ್ಕೆಯೋ ನೀರಿನ ಪಂಪೋ ಗೊತ್ತಾಗಲಿಲ್ಲ. ಕೊಕ್ಕೆಯನ್ನು ಸ್ವಲ್ಪ ಎತ್ತಿ ಇನ್ನೊಮ್ಮೆ ಬಿಡಬೇಕಿತ್ತು. ಅವಳು ನೋಡುತ್ತಿದ್ದಾಳೆ ಎಂಬುದೊಂದೇ ಅವನ ತಲೆಯಲ್ಲಿತ್ತು.

“ಕೂತಿತು” ಎಂದ.

ತಂತಿ ಸುತ್ತುವ ವಿಂಚು ತಿರುಗಿತು. ಭಾರ ಬಂತು, ಕೊಳವೆಯ ಬಾಯಲ್ಲಿ ಕೊಕ್ಕೆ ಕಾಣಿಸಿತು. ಕೊಕ್ಕೆಗೆ ಒಂದು ಲಾಕಿನ ಪಿನ್ನಿದೆ, ಎರಡೂ ದವಡೆ ಸರಿಯಾಗಿ ಕಚ್ಚಿದ್ದರೆ ಮಾತ್ರ ಅದು ಪೂರ್ತಿ ಒಳಗೆ ಹೋಗುತ್ತದೆ. ಕೊಕ್ಕೆ ಹೊರಬಂದ ಕೂಡಲೇ ಮೈ-ಲಿಸ್ ಅದನ್ನು ಒತ್ತಬೇಕು. ಒತ್ತಿದಳು. ಅರ್ಧಕ್ಕೆ ನಿಂತಿತು. ಕೈಯಿಂದ ಎರಡೇಟು ಹಾಕಿದಳು, ಮುಂದೆ ಹೋಗಲಿಲ್ಲ. ಬಿಟ್ಟು ಒಳಕೊಳವೆಯ ಬುಡ ಹಿಡಿಯಲು ಬಾಗಿದಳು. ಕೊಕ್ಕೆಯ ಒಂದೇ ದವಡೆ ತುದಿಯಲ್ಲಿ ಕಚ್ಚಿಕೊಂಡಿತ್ತು. ಕಲ್ಲು ತುಂಬಿದ ಕೊಳವೆ ಅದರಿಂದ ಜಾರಿ, ನೆಟ್ಟಗೆ ಅವಳ ಪಾದದ ಮೇಲೆ, ಬೂಟಿನ ಉಕ್ಕಿನ ಮೂತಿ ಮುಗಿಯುವ ಕಡೆ ಬಿತ್ತು.

ಎವರ್ಟ್ ಇಂಜಿನ್ ನಿಲ್ಲಿಸಿ ಬೂಟನ್ನು ಕತ್ತರಿಸಿದ. ಅವಳು ಹಲ್ಲು ಕಚ್ಚಿಕೊಂಡು ಒಂದೇ ಮಾತು ಹೇಳಿದಳು: ಪಿನ್ನು ನಾನು ಪೂರ್ತಿ ಹಾಕಿರಲಿಲ್ಲ. ಹಿಮದ ಸ್ಕೂಟರಿನ ಹಿಂದಿನ ಬಂಡಿಯಲ್ಲಿ ಮಲಗಿಸಿ ರಸ್ತೆಯವರೆಗೆ ತರುವಾಗಲೂ ಅದನ್ನೇ ಹೇಳುತ್ತಿದ್ದಳು.

ಮೇಸ್ತ್ರಿ ಟೂರೆ ವಿಚಾರಿಸಿದ. ಕೊಕ್ಕೆ ಕೂತಿತ್ತಾ ಎಂದು ಕೇಳಿದ. ಕೇಳಬೇಕಲ್ಲ ಎಂದು ಕೇಳಿದ್ದು. ಉತ್ತರಕ್ಕೆ ಕಾಯುವ ಮುಖ ಅವನದಾಗಿರಲಿಲ್ಲ. ಎವರ್ಟ್ ಹೌದೆಂದು ತಲೆಯಾಡಿಸಿದ. ಅಲ್ಲಿಗೆ ತಪ್ಪು ಪಿನ್ನಿನದಾಯಿತು, ಪಿನ್ನು ಮೈ-ಲಿಸ್‌ಳದಾಯಿತು. ಕಾಲು ವಾಸಿಯಾದ ಮೇಲೆ ಕಲ್ಲಿನ ದಿಂಡು ಜೋಡಿಸಿಡುವ ಉಗ್ರಾಣದಲ್ಲಿ ಅವಳಿಗೆ ಕೆಲಸ ಕೊಡುವುದೆಂದೂ, ರಿಗ್ಗಿನ ಮಾತು ಇನ್ನು ಬೇಡವೆಂದೂ ಟೂರೆ ತೀರ್ಮಾನಿಸಿದ. ಪಿನ್ನು ಮರೆಯುವವಳ ಕೈಗೆ ರಿಗ್ಗು ಕೊಡುವುದು ಹೇಗೆ ಎಂದು ಅಂಗಡಿಯ ಮುಂದೆ ನಿಂತವರೂ ಆಡಿಕೊಂಡರು.

ಎವರ್ಟ್ ಕೆಲಸಕ್ಕೆ ಹೋಗುತ್ತಲೇ ಇದ್ದ. ಹೊಸ ಜೊತೆಗಾರ ಬಂದಿದ್ದ. ಎವರ್ಟ್ ಈಗ ಒಂದೊಂದು ಕೊಳವೆಗೂ ಕೊಕ್ಕೆಯನ್ನು ಮತ್ತೆ ಮತ್ತೆ ಎತ್ತಿ ಬಿಟ್ಟು ನೋಡುತ್ತಿದ್ದ. ಮನೆಯಲ್ಲಿ ಊಟ ಸೇರದು. ಗುನ್ವೋರ್ ಮಾಡಿದ ಆಲೂಗಡ್ಡೆ ಕಡುಬನ್ನು ತಟ್ಟೆಯಲ್ಲಿ ಅತ್ತಿತ್ತ ಸರಿಸಿ ಏಳುತ್ತಿದ್ದ. ಕೊನೆಗೆ ಗುನ್ವೋರ್ ಒಂದು ಸೀಸೆ ಕಾಡುಹಣ್ಣಿನ ಮುರಬ್ಬ ಅವನ ಕೈಗೆ ಕೊಟ್ಟು, ಹೋಗಿ ನೋಡಿಕೊಂಡು ಬಾ, ಊರವರೆಲ್ಲ ಹೋಗಿ ಬಂದರು ಎಂದಳು.

ಮೈ-ಲಿಸ್ ಕಾಲನ್ನು ಮಣೆಯ ಮೇಲೆ ಚಾಚಿ ಕೂತಿದ್ದಳು. ಅವನನ್ನು ಕಂಡು ಅವಳಿಗೆ ಸಂತೋಷವೇ ಆಯಿತು. ಕಾಫಿ ಕುಡಿದರು. ಕಪ್ಪನ್ನು ಅವನು ಎರಡೂ ಕೈಯಲ್ಲಿ ಹಿಡಿದದ್ದನ್ನು ಅವಳು ಗಮನಿಸಲಿಲ್ಲ. ಮುರಿದ ಕಾಲನ್ನೇ ನೋಡುತ್ತಾ ಹೇಳಿದಳು:

“ನಿಂಗೊಂದು ಹೇಳ್ಬೇಕು ಎವರ್ಟ್. ಪಿನ್ನು ನಾನು ಮರೀಲಿಲ್ಲ. ಒತ್ತಿದೆ, ಹೋಗ್ಲಿಲ್ಲ. ಬೇರೆ ಯಾರಾದ್ರೂ ಆಗಿದ್ರೆ ನಿಲ್ಲಿಸು, ಇದು ಕೂತಿಲ್ಲ ಅಂತ ಕೂಗ್ತಿದ್ದೆ. ಆದ್ರೆ ನೀನು ಕೂತಿತು ಅಂದಿದ್ಯಲ್ಲ. ಹಾಗಾಗಿ ಐಸು ಕಟ್ಟಿದೆ ಅಂದ್ಕೊಂಡೆ.”

ಎವರ್ಟ್ ಕಪ್ಪನ್ನು ಮೆಲ್ಲಗೆ ಕೆಳಗಿಟ್ಟು ಎದ್ದ. ಕಪ್ಪನ್ನು ಮೆಲ್ಲಗೆ ಕೆಳಗಿಟ್ಟು ಎದ್ದ. ಮನೆಗೆ ಹೋಗದೆ ನೇರ ಟೂರೆಯ ಷೆಡ್ಡಿಗೆ ಹೋದ.

ಟೂರೆ ಬೆಂಚಿನ ಮೇಲೆ ಪಂಪು ಬಿಚ್ಚಿಕೊಂಡು ಕೂತಿದ್ದ. ಎವರ್ಟ್ ನಿಂತೇ ಎಲ್ಲ ಹೇಳಿದ. ಟೂರೆ ತಲೆ ಎತ್ತದೆ ಕೇಳಿ, “ಅವಳ ಮೇಲೆ ಕನಿಕರ ಬಂದು ಹೇಳ್ತಿದೀಯ. ನಿನ್ನ ಕೈ ನಂಗೊತ್ತಿಲ್ವಾ? ಹೋಗು, ಮನೆಗೆ ಹೋಗಿ ಮಲ್ಕೊ” ಎಂದ.

ಎವರ್ಟ್ ಮುಖವನ್ನು ಗೋಡೆಗೆ ತಿರುಗಿಸಿ ಬಲಗೈಯನ್ನು ಹಿಂದಕ್ಕೆ ಚಾಚಿದ.

“ಜೇಬಲ್ಲಿ ಏನಿದ್ಯೋ ಅದನ್ನ ನನ್ನ ಕೈಯಲ್ಲಿಡು. ಏನು ಅಂತ ಹೇಳ್ತೀನಿ.”

“ಹುಡುಗಾಟ ಸಾಕು.”

“ಇಡು ಟೂರೆ.”

ಎವರ್ಟ್ ಕಾದ. ಗೋಡೆಯಲ್ಲಿ ನೇತುಹಾಕಿದ್ದ ಬೆಲ್ಟುಗಳನ್ನು ನೋಡುತ್ತಾ ಇನ್ನೂ ಕಾದ.

“ಎಷ್ಟೊತ್ತು? ಇಡು ಅಂದ್ನಲ್ಲ” ಎಂದ.

ಎವರ್ಟ್ ತಿರುಗಿ ನೋಡಿದ. ಅಂಗೈಯ ನಡುವೆ ಟೂರೆಯ ಲಾರಿಯ ಬೀಗದ ಕೈ ಇತ್ತು. ಇಟ್ಟು ಆಗಲೇ ಹೊತ್ತಾಗಿತ್ತು. ಟೂರೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳದೆ, ಬಿಚ್ಚಿದ ಪಂಪಿನ ಮುಂದೆ ಕೂತು ಎಣ್ಣೆಯ ಬಟ್ಟೆಯಿಂದ ಕೈ ಒರೆಸುತ್ತಲೇ ಇದ್ದ.

ಆಮೇಲೆ ಆಗಬೇಕಾದದ್ದು ಆಯಿತು. ಡಾಕ್ಟರು ಬರೆದರು, ಎವರ್ಟ್ ರಿಗ್ಗಿನಿಂದ ಇಳಿದ. ಟೂರೆ ಮೊದಲು ಕೊಟ್ಟಿದ್ದ ಮಾತಿನಂತೆಯೇ ವಸಂತದಲ್ಲಿ ಮೈ-ಲಿಸ್‌ಳಿಗೆ ರಿಗ್ಗು ಬಂತು. ಪಾದ ಸ್ವಲ್ಪ ಒಳಕ್ಕೆ ತಿರುಗಿ ಕೂಡಿಕೊಂಡಿದೆ. ಇಳಿಜಾರಿನಲ್ಲಿ ಅವಳು ಅಡ್ಡಡ್ಡ ನಡೆಯುತ್ತಾಳೆ.

ಹಿಮ ಕರಗುವಾಗ ಅವಳು ಒಂದು ಸಲ ಎವರ್ಟ್‌ನ ಮನೆಗೆ ಹೋದಳು. ಬಾಗಿಲಲ್ಲೇ ನಿಂತಳು. ಗುನ್ವೋರ್ ಕಾಫಿ ಬಗ್ಗಿಸಿದಳು, ಮೈ-ಲಿಸ್ ಬೇಡ ಎಂದಳು. ಬೂಟು ಬಿಚ್ಚಲಿಲ್ಲ.

“ಕಾಲಿಗೆ ನಂಗೆ ಸಿಟ್ಟಿಲ್ಲ. ಕಾಲು ಮುರಿಯತ್ತೆ, ಈ ಕೆಲಸದಲ್ಲಿ. ಆದ್ರೆ ದಿನಾ ಕೇಳ್ತಿದ್ದೆ ನಿನ್ನ, ಕೆಳಗಿನವರು ಏನಂತಾರೆ ಅಂತ. ಒಂದು ದಿನ ಗೊತ್ತಾಗ್ತಿಲ್ಲ ಮೈ-ಲಿಸ್ ಅಂದಿದ್ರೆ ಸಾಕಿತ್ತು. ನಾನು ಯಾರಿಗೆ ಹೇಳೋಕೆ ಹೋಗ್ತಿದ್ದೆ?”

ಅಷ್ಟು ಹೇಳಿ ಹೊರಟುಹೋದಳು. ಎವರ್ಟ್ ಕಿಟಕಿಯಿಂದ ನೋಡಿದ. ಅಂಗಳದ ಇಳಿಜಾರನ್ನು ಅವಳು ಅಡ್ಡಡ್ಡವಾಗಿ ಇಳಿಯುವುದು ಕಾಣಿಸಿತು.

ಈಗ ಅವಳ ರಿಗ್ಗಿನಲ್ಲಿ ತಂತಿ ಹಿಡಿದವರು ಕೂತಿತು ಅಂದಿದ್ದರೂ, ಕೊಕ್ಕೆ ಮೇಲೆ ಬಂದ ಕೂಡಲೇ ಕೊಳವೆಯ ಬಾಯಲ್ಲಿ ನಿಂತವರು ಕೊಕ್ಕೆಯ ಎರಡೂ ದವಡೆ ನೋಡಿ, ಪಿನ್ನು ಒತ್ತಿ, ತಾವೂ ಕೂತಿತು ಅನ್ನಬೇಕು. ಅಲ್ಲಿಯವರೆಗೆ ವಿಂಚು ನಿಂತಿರುತ್ತದೆ. ಎರಡೆರಡು ಸಲ ಕೂರೋಕೆ ಅದೇನು ಮೊಟ್ಟೆ ಇಡೋ ಕೋಳೀನಾ ಎಂದು ಹಳಬರು ನಗುತ್ತಾರೆ. ಆ ಮಾತನ್ನು ಯಾರೋ ಎವರ್ಟ್‌ನ ಮುಂದೆಯೂ ಆಡಿದರು. ಅವನು ನಗಲಿಲ್ಲ.

ಹೋದ ವಾರ ಅವಳ ರಿಗ್ಗಿನ ತಂತಿ ಹರಿದು ಒಳಕೊಳವೆ ಕೆಳಗೇ ಉಳಿಯಿತು. ಅವಳು ಬರಲಿಲ್ಲ, ಟೂರೆಯನ್ನು ಕಳಿಸಿದಳು. ಎವರ್ಟ್ ಕುಲುಮೆಯ ಗೋಡೆಯ ಮುಂದೆ ಬಹಳ ಹೊತ್ತು ನಿಂತು ಒಂದು ಕೊಕ್ಕೆ ಆರಿಸಿದ. ಅದನ್ನು ಇಳಿಸಿ ಎಷ್ಟು ತಿರುಗಿಸಬೇಕು, ಯಾವಾಗ ನಿಲ್ಲಿಸಬೇಕು ಎಂದು ಟೂರೆಗೆ ತಾಳ್ಮೆಯಿಂದ ಹೇಳಿಕೊಟ್ಟ. ಕೊನೆಯಲ್ಲಿ, ಕೂತಿತು ಅನ್ನಿಸಿದರೂ ಇನ್ನೊಮ್ಮೆ ನೋಡಲು ಹೇಳು ಎಂದ. ಒಳಕೊಳವೆ ಮೇಲೆ ಬಂತು. ಕೊಕ್ಕೆ ಅವನಿಗೆ ಹಿಂದಿರುಗಲಿಲ್ಲ. ಗೋಡೆಯಲ್ಲಿ ಅದರ ಮೊಳೆ ಖಾಲಿ ಇದೆ. ಅವನು ಕೇಳಿ ಕಳಿಸಿಯೂ ಇಲ್ಲ.

ಆ ಕೊಕ್ಕೆ ನಮ್ಮ ಮನೆಯ ಬಾಗಿಲ ಪಕ್ಕದಲ್ಲಿ, ತೊಳೆದು ಎಣ್ಣೆ ಹಚ್ಚಿ, ಗೋಣಿಯಲ್ಲಿ ಸುತ್ತಿಟ್ಟ ಹಾಗೇ ಇದೆ. ನಾಳೆ ಬೆಳಿಗ್ಗೆ ಇದನ್ನು ಅಮ್ಮನಿಗೆ ಓದಿ ಹೇಳುತ್ತೇನೆ. ಅವಳು ಬೇಡ ಅನ್ನದಿದ್ದರೆ ಈ ಹಾಳೆಗಳನ್ನೂ ಕೊಕ್ಕೆಯನ್ನೂ ಎವರ್ಟ್‌ನ ಮನೆಗೆ ನಾನೇ ಒಯ್ಯುತ್ತೇನೆ.